ಆಗಲೇ ನಿಂತುಹೋಗಿದ್ದನ್ನು ನಿಲ್ಲಿಸಲಾಗದವರು

ಸಂಬಳದ ಕೆಲಸದಿಂದ ಸುಸ್ತಾಗಿ ಬರುವವರಿಗೆ ಏನು ಹೇಳಬೇಕು ಅಂತ ಆಪ್ತಸಲಹೆಗಾರರಿಗೆ ಒಂದು ಮಟ್ಟಿಗೆ ಗೊತ್ತಿರುತ್ತದೆ. ಸಂಬಳವಿಲ್ಲದ ಕೆಲಸದಿಂದ ಸುಸ್ತಾದವರ ಕಥೆ ಬೇರೆ. ಬೀದಿನಾಯಿಗಳಿಗೆ ದಿನಾ ಅನ್ನ ಹಾಕುವವರು, ಹವ್ಯಾಸಿ ನಾಟಕ ತಂಡ ನಡೆಸುವವರು, ಬಡಾವಣೆಯ ವಾಚನಾಲಯ ನೋಡಿಕೊಳ್ಳುವವರು. ಇವರಿಗೆ ರಜೆ ಹಾಕಿ ಅನ್ನೋಣ ಅಂದರೆ ರಜೆ ಚೀಟಿ ಕೊಡುವುದು ಯಾರಿಗೆ? ಬಿಟ್ಟುಬಿಡಿ ಅಂದರೆ ‘ನಾನು ಬಿಟ್ಟರೆ ಇನ್ಯಾರು ಮಾಡ್ತಾರೆ’ ಅನ್ನುತ್ತಾರೆ. ಈ ಸಾಲಿಗೆ ಈಗ ಕಂಪ್ಯೂಟರ್ ಮಂದಿಯೂ ಸೇರಿದ್ದಾರೆ. ಅವರಲ್ಲಿ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಬದಲಾಯಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಕೊಟ್ಟ ಸಲಹೆಯನ್ನು ನನ್ನ ವೃತ್ತಿಯವರೇ ಕೆಲವರು ಒಪ್ಪಲಿಲ್ಲ. ಬರೆಯಲು ಅದೂ ಒಂದು ಕಾರಣ.

ಬಂದವರು ಮೂವತ್ತೈದು ದಾಟಿದ ಹೆಣ್ಣುಮಗಳು. ಹಗಲು ಕಚೇರಿ, ರಾತ್ರಿ ಒಂದು ಲಿನಕ್ಸ್ ಡಿಸ್ಟ್ರಿಬ್ಯೂಷನ್ನಿನ (ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕಿಕೊಳ್ಳುವ ವ್ಯವಸ್ಥೆ) ಕೆಲಸ. ನಿದ್ದೆ ಹಾಳಾಗಿತ್ತು. ಮೇಲ್ ಬಂದ ಸದ್ದು ಕೇಳಿದರೆ ಎದೆ ಡವಡವ. ಗಂಡನ ಬಲವಂತಕ್ಕೆ ಬಂದಿದ್ದರು. ಮನೆಯಲ್ಲಿ ಜಗಳವಿಲ್ಲ, ಸಾಲವಿಲ್ಲ, ಕಚೇರಿಯಲ್ಲಿ ಕಿರಿಕಿರಿ ಇಲ್ಲ.

ಡಿಸ್ಟ್ರಿಬ್ಯೂಷನ್ ಅಂದರೇನು ಅಂತ ನನಗೆ ಅವರೇ ತಿಳಿಸಿಕೊಟ್ಟರು. ಲಿನಕ್ಸ್ ಕರ್ನಲ್, ಅಂದರೆ ಯಂತ್ರವನ್ನು ನಡೆಸುವ ತಿರುಳಿನ ತಂತ್ರಾಂಶ, ಒಂದೇ ಇದ್ದರೆ ಸಾಮಾನ್ಯ ಬಳಕೆದಾರರಿಗೆ ಉಪಯೋಗವಿಲ್ಲ. ಬ್ರೌಸರ್, ಆಫೀಸ್, ಫಾಂಟ್, ಪ್ರಿಂಟರ್ ಡ್ರೈವರ್ ಅಂತ ಸಾವಿರಾರು ತಂತ್ರಾಂಶಗಳನ್ನು ಬೇರೆ ಬೇರೆ ಕಡೆಯಿಂದ ತಂದು, ಒಂದಕ್ಕೊಂದು ಹೊಂದುತ್ತವೆಯೇ ನೋಡಿ, ಪ್ಯಾಕೇಜ್ ಮಾಡಿ, ಆಮೇಲೆ ವರ್ಷಗಟ್ಟಲೆ ಭದ್ರತೆಯ ತೂತು ಮುಚ್ಚುತ್ತಾ ಇರಬೇಕು. ಇಂಥವುಗಳಲ್ಲಿ ದೊಡ್ಡದು 1993ರಲ್ಲಿ ಶುರುವಾದ ಡೆಬಿಯನ್. 2025ರ ಆಗಸ್ಟಿನಲ್ಲಿ ಬಂದ ಅದರ 13ನೇ ಆವೃತ್ತಿಯಲ್ಲಿ ಸುಮಾರು 70,000 ಪ್ಯಾಕೇಜ್‌ಗಳಿವೆ. ಅದನ್ನು ನಡೆಸುವವರು ಸ್ವಯಂಸೇವಕರು. ನಮ್ಮ ಹೆಣ್ಣುಮಗಳು ಇದ್ದದ್ದು ಅಂಥ ದೊಡ್ಡದರಲ್ಲಿ ಅಲ್ಲ, ಹೆಸರು ಹೇಳಿದರೆ ಹೆಚ್ಚಿನವರಿಗೆ ಗೊತ್ತಾಗದ ಒಂದು ಚಿಕ್ಕದರಲ್ಲಿ. ಒಂದು ಕಾಲಕ್ಕೆ ಇಪ್ಪತ್ತು ಮಂದಿ ಇದ್ದರಂತೆ. ಈಗ ಐದು. ಆದರೆ ಇಪ್ಪತ್ತು ಮಂದಿ ಒಪ್ಪಿಕೊಂಡ ಕೆಲಸದಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ನಾಲ್ಕು ಬಗೆಯ ಡೆಸ್ಕ್‌ಟಾಪ್ (ಪರದೆಯ ಮೇಲೆ ಕಾಣುವ ಕಿಟಕಿ, ಮೆನುಗಳ ವ್ಯವಸ್ಥೆ), ಅಂಗೈಯಗಲದ ಕಂಪ್ಯೂಟರುಗಳಾದ ಸಣ್ಣ ಬೋರ್ಡ್‌ಗಳಿಗೆ ಬೇರೆ ಆವೃತ್ತಿ, ಈಗಿನ 64-ಬಿಟ್‌ಗಿಂತ ಹಿಂದಿನ ತಲೆಮಾರಿನ ಹಳೆಯ 32-ಬಿಟ್ ಪಿಸಿಗಳಿಗೆ ಇನ್ನೊಂದು.

‘ಕಡಿಮೆ ಮಾಡಿ’ ಅಂತ ಯಾರು ಬೇಕಾದರೂ ಹೇಳುತ್ತಾರೆ, ಗಂಡನೂ ಹೇಳಿದ್ದರು. ಆಕೆಗೆ ಅದು ಗೊತ್ತಿರಲಿಲ್ಲ ಅಂತಲ್ಲ. ಕಡಿಮೆ ಮಾಡಲು ಹೋದವರಿಗೆ ಏನಾಯಿತು ಅನ್ನುವುದು ಇನ್ನೂ ಚೆನ್ನಾಗಿ ಗೊತ್ತಿತ್ತು. 2005ರ ಮಾರ್ಚ್‌ನಲ್ಲಿ ಡೆಬಿಯನ್‌ನ ಬಿಡುಗಡೆ ತಂಡ ವ್ಯಾಂಕೂವರ್‌ನಲ್ಲಿ ಕೂತು ಒಂದು ಪ್ರಸ್ತಾಪ ಮಾಡಿತ್ತು. ಹನ್ನೊಂದು ಬಗೆಯ ಪ್ರೊಸೆಸರಿನ ಯಂತ್ರಗಳಿಗೆ ಒಟ್ಟಿಗೆ ಬಿಡುಗಡೆ ಮಾಡುವುದು ಕಷ್ಟ, ಈಗ ತಯಾರಾಗುತ್ತಿರುವುದು ಮುಗಿದ ಮೇಲೆ ಅದರ ಮುಂದಿನದರಿಂದ ನಾಲ್ಕಕ್ಕೆ ಮಾತ್ರ ಮಾಡೋಣ ಅಂತ. ಹಿಂದಿನ ಆವೃತ್ತಿ ಬಂದದ್ದು 2002ರ ಜುಲೈನಲ್ಲಿ, ತಯಾರಾಗುತ್ತಿದ್ದದ್ದು ಇನ್ನೂ ಹೊರಬಿದ್ದಿರಲಿಲ್ಲ. ಪ್ರಸ್ತಾಪದಲ್ಲಿ ನ್ಯಾಯವಿತ್ತು. ಆದರೂ ದೊಡ್ಡ ಗಲಾಟೆಯೇ ಆಯಿತು. 2019ರಲ್ಲಿ ಉಬುಂಟು ಅನ್ನುವ ಇನ್ನೊಂದು ಡಿಸ್ಟ್ರಿಬ್ಯೂಷನ್ನಿನವರು 32-ಬಿಟ್ ಪೂರ್ತಿ ಕೈಬಿಡುತ್ತೇವೆ ಅಂದಾಗ ಗೇಮ್ ಆಡುವವರು ಎದ್ದು ನಿಂತರು. ಕೆಲವೇ ದಿನಗಳಲ್ಲಿ ಮಾತು ಬದಲಾಯಿಸಬೇಕಾಯಿತು. ಅದರ ಹಿಂದೆ ಒಂದು ಕಂಪನಿಯಾದರೂ ಇದೆ. ‘ನಾವು ಐದು ಜನ ಮೇಡಂ, ನಮ್ಮನ್ನ ಯಾರು ಕಾಯ್ತಾರೆ?’ ಅಂದರು.

ಮನೆಗೆ ಹೋಗಿ ಒಂದು ಪಟ್ಟಿ ಮಾಡಿ ಅಂದೆ. ಯಾವುದನ್ನು ಬಿಡಬೇಕು ಅನ್ನುವ ಪಟ್ಟಿ ಬೇಡ. ನೀವು ಕೊಡುತ್ತಿರುವ ಪ್ರತಿಯೊಂದರ ಮುಂದೆ, ಅದನ್ನು ಕೊನೆಯ ಸಲ ತಮ್ಮ ಕೈಯಾರೆ ಓಡಿಸಿ ನೋಡಿದವರು ಯಾರು, ಯಾವಾಗ ಅಂತ ಬರೆಯಿರಿ. ಗೊತ್ತಿಲ್ಲದಿದ್ದರೆ ಖಾಲಿ ಬಿಡಿ.

ಮುಂದಿನ ಭೇಟಿಗೆ ಪಟ್ಟಿಯನ್ನು ಫೋನಿನಲ್ಲೇ ತಂದಿದ್ದರು. ಒಂದೊಂದೇ ಓದುತ್ತಾ ಬಂದರು. ಮೊದಲ ಡೆಸ್ಕ್‌ಟಾಪ್, ತಾವೇ, ಆ ವಾರ. ಎರಡನೆಯದು, ಜರ್ಮನಿಯ ಒಬ್ಬ ಹುಡುಗ, ಹೋದ ತಿಂಗಳು. ಮೂರನೆಯದಕ್ಕೆ ಬರುವಾಗ ದನಿ ಸಣ್ಣಗಾಯಿತು. 32-ಬಿಟ್ ಬಂದಾಗ ಹೆಬ್ಬೆರಳು ಪರದೆಯ ಮೇಲೆ ಹಾಗೇ ನಿಂತಿತು.

‘ಇದಕ್ಕೆ ಏನೂ ಬರೆದಿಲ್ಲ.’

‘ಯಾಕೆ?’

‘ನನ್ನ ಹೆಸರೇ ಬರೀಬೇಕು. ಅದರ ಜವಾಬ್ದಾರಿ ನಂದೇ.’

‘ನಿಮ್ಮ ಹತ್ತಿರ ಅಂಥ ಯಂತ್ರ ಇದೆಯಾ?’

‘ಇದೆ. ಕಾಲೇಜಿನಲ್ಲಿ ತಗೊಂಡಿದ್ದ ನೆಟ್‌ಬುಕ್.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಟ್ಟದ ಮೇಲಿದೆ. ಲಾಕ್‌ಡೌನ್ ಟೈಮಲ್ಲಿ ಚಾರ್ಜರ್ ಹೋಯ್ತು’ ಅಂದರು.

‘ಹಾಗಾದ್ರೆ ಈಗ ಯಾವುದರ ಮೇಲೆ ನೋಡ್ತೀರಿ?’

‘ನೋಡಲ್ಲ ಮೇಡಂ. ಸರ್ವರ್‌ನಲ್ಲಿ ಬಿಲ್ಡ್ ಆಗುತ್ತೆ, ಹಸಿರು ಟಿಕ್ ಬರುತ್ತೆ. ಬಿಡುಗಡೆ ಮಾಡ್ತೀವಿ. ಅಷ್ಟೇ.’

ಆಗ ನಾನು ಹೇಳಿದೆ: ‘ಅಂದ್ರೆ ಇದು ಆಗಲೇ ನಿಂತುಹೋಗಿದೆ, ಅಲ್ವಾ? ನಿಲ್ಲಿಸಬೇಕಾ ಬೇಡವಾ ಅಂತ ನೀವು ರಾತ್ರಿ ಎಲ್ಲ ಯೋಚಿಸ್ತಾ ಇದ್ದೀರಿ. ನಿಲ್ಲಿಸೋಕೆ ಅಲ್ಲಿ ಏನೂ ಉಳಿದಿಲ್ಲ. ಬಾಕಿ ಇರೋದು ಜನರಿಗೆ ಹೇಳೋದು ಮಾತ್ರ.’

ಅವರಿಗೆ ಸಿಟ್ಟು ಬಂತು. ಬರಬೇಕಾದದ್ದೇ. ‘ನಿಮಗೆ ಗೊತ್ತಿಲ್ಲ’ ಅಂದರು. ಒಬ್ಬರು ಮೇಲ್ ಬರೆಯುತ್ತಿರುತ್ತಾರಂತೆ. ಹಳ್ಳಿಯೊಂದರ ಶಾಲೆಗೆ ಹಳೆಯ ಪಿಸಿಗಳನ್ನು ಜೋಡಿಸಿಕೊಟ್ಟವರು. ನೀವು ನಿಲ್ಲಿಸಿದರೆ ನಮ್ಮ ಮಕ್ಕಳ ಗತಿ ಏನು ಅನ್ನುತ್ತಾರಂತೆ. ಹೊಸ ಪಿಸಿ ಕೊಳ್ಳಲಾಗದವರಿಗಾಗಿಯೇ ಅಲ್ಲವೇ ತಾನು ಈ ಕೆಲಸಕ್ಕೆ ಬಂದದ್ದು?

‘ಆ ಮಕ್ಕಳ ಕಂಪ್ಯೂಟರಿನಲ್ಲಿ ನೀವು ಕಳಿಸಿದ ಅಪ್ಡೇಟ್‌ನಿಂದ ಏನಾದರೂ ಕೆಟ್ಟರೆ ನಿಮಗೆ ಗೊತ್ತಾಗುತ್ತಾ?’ ಅಂತ ಕೇಳಿದೆ.

ಇಲ್ಲ ಅಂತ ತಲೆಯಾಡಿಸಿದರು. ‘ಅವರು ಮೇಲ್ ಬರೆದ ಮೇಲೆ ಗೊತ್ತಾಗುತ್ತೆ.’ ಆಮೇಲೆ ತಾವಾಗಿಯೇ ಸೇರಿಸಿದರು: ‘ಆ ಮೇಲ್ ತೆಗೆಯೋಕೇ ನನಗೆ ಭಯ.’

ಅವತ್ತು ಅದಕ್ಕಿಂತ ಮುಂದೆ ಹೋಗಲಿಲ್ಲ. ಹೋಗುವ ಅಗತ್ಯವೂ ಇರಲಿಲ್ಲ.

ಈ ಸಲಹೆಯ ಬಗ್ಗೆ ಬಂದ ಆಕ್ಷೇಪ ಎರಡು. ಮೊದಲನೆಯದು, ಆಪ್ತಸಲಹೆಗಾರರು ಇಂಥ ವಿಷಯದಲ್ಲಿ ಬಾಯಿ ಹಾಕಬಾರದು, ಆಕೆಯ ಆತಂಕಕ್ಕೆ ಚಿಕಿತ್ಸೆ ಕೊಡಬೇಕಿತ್ತು ಅನ್ನುವುದು. ಉಸಿರಾಟದ ಅಭ್ಯಾಸ, ನಿದ್ದೆಯ ಶಿಸ್ತು ಎಲ್ಲ ಹೇಳಿಕೊಟ್ಟಿದ್ದೇನೆ. ಆದರೆ ಎದೆ ಡವಡವ ಅನ್ನುತ್ತಿದ್ದದ್ದು ಇಲ್ಲದ ಭೂತವನ್ನು ಕಂಡಲ್ಲ. ತಾನು ನೋಡಿಕೊಳ್ಳುತ್ತಿಲ್ಲ ಅಂತ ಗೊತ್ತಿದ್ದೂ ನೋಡಿಕೊಳ್ಳುತ್ತೇನೆ ಅಂತ ಹೆಸರು ಹಾಕಿಕೊಂಡಿದ್ದರು. ಅದಕ್ಕೆ ಹೆದರುವುದು ಸರಿಯಾದ ಹೆದರಿಕೆ. ಅಂಥದ್ದನ್ನು ಉಸಿರಾಟದಿಂದ ಶಾಂತ ಮಾಡಿ ಕಳಿಸುವುದು ನನ್ನ ಕೆಲಸವಲ್ಲ. ಯಾವ ಪ್ಯಾಕೇಜ್ ಬಿಡಬೇಕು ಅಂತ ನಾನು ಒಂದು ಮಾತೂ ಆಡಲಿಲ್ಲ, ಆ ತಿಳಿವಳಿಕೆಯೂ ನನಗಿಲ್ಲ.

ಎರಡನೆಯ ಆಕ್ಷೇಪ ತೂಕದ್ದು: ಹಳೆಯ ಯಂತ್ರ ಬಿಟ್ಟರೆ ಪೆಟ್ಟು ಬೀಳುವುದು ಬಡವರಿಗೆ. ನಿಜ. ಬಳಸಲು ಬರುವ ಪಿಸಿಯನ್ನು ಗುಜರಿಗೆ ಹಾಕಿ ಅನ್ನುವುದು ನನಗೂ ಹಿಡಿಸುವುದಿಲ್ಲ. ಆದರೆ ಬಾಗಿಲು ತೆರೆದಿಟ್ಟು, ದೀಪ ಹಾಕಿ, ಒಳಗೆ ವೈದ್ಯರೇ ಇಲ್ಲದ ಆಸ್ಪತ್ರೆಯಿಂದ ಬಡವರಿಗೆ ಏನು ಉಪಕಾರ? ಮುಚ್ಚಿದೆ ಅಂತ ಬೋರ್ಡ್ ಹಾಕಿದರೆ ಅವರು ಬೇರೆ ಕಡೆಯಾದರೂ ಹೋಗುತ್ತಾರೆ. ಶಾಲೆಯವರಿಗೆ ಹೋಗಲು ಜಾಗವೂ ಇತ್ತು. ಡೆಬಿಯನ್ 12ರಲ್ಲಿ 32-ಬಿಟ್ ಪಿಸಿಗೆ ಇನ್‌ಸ್ಟಾಲರ್ ಇನ್ನೂ ಇತ್ತು. 13ರಲ್ಲಿ ಅದನ್ನೂ ಕೈಬಿಟ್ಟರು. ಈಗ ಆ ಬಗೆಯ ಯಂತ್ರಕ್ಕೆ ಅಲ್ಲಿ ಕರ್ನಲ್ಲೇ ಇಲ್ಲ. ಹಳೆಯ ಪ್ರೋಗ್ರಾಂಗಳನ್ನು 64-ಬಿಟ್ ಯಂತ್ರದಲ್ಲಿ ಓಡಿಸಲು ಬೇಕಾದಷ್ಟು ಮಾತ್ರ ಉಳಿಸಿಕೊಂಡಿದ್ದಾರೆ. ಅಷ್ಟು ದೊಡ್ಡ ಬಳಗವೇ ಇಳಿಸಿದ ಹೊರೆಯನ್ನು ಐದು ಜನ ಹೊತ್ತುಕೊಂಡಿರಬೇಕು ಅನ್ನುವುದು ಯಾವ ನ್ಯಾಯ?

ಆಕೆ ಹೆದರಿಕೊಂಡಿದ್ದ 2005ರ ಕಥೆಯನ್ನೇ ಮುಂದಕ್ಕೆ ಓದಿಕೊಂಡು ಬನ್ನಿ ಅಂದಿದ್ದೆ. ಆ ಜೂನ್‌ನಲ್ಲಿ ಡೆಬಿಯನ್ ಹನ್ನೊಂದೂ ಯಂತ್ರಗಳಿಗೆ ಬಿಡುಗಡೆಯಾಯಿತು. ಆದರೆ ಈ ಯಂತ್ರವನ್ನು ನೋಡಿಕೊಳ್ಳುವವರು ಯಾರು, ಮುಂದೆ ಬಂದು ಹೆಸರು ಕೊಡಿ ಅನ್ನುವ ಪ್ರಶ್ನೆ ಅಲ್ಲಿ ಉಳಿದುಕೊಂಡಿತು. 2007ರ ಬಿಡುಗಡೆಯಲ್ಲಿ ಹಳೆಯ ಮೊಟೊರೋಲಾ 68ಕೆ ಪ್ರೊಸೆಸರಿನ ಯಂತ್ರ ಇರಲಿಲ್ಲ. 2025ರಲ್ಲಿ ಮಿಪ್ಸ್ ಅನ್ನುವ ಪ್ರೊಸೆಸರ್ ಬಗೆ ಹೋಯಿತು, ರಿಸ್ಕ್-ವಿ ಅನ್ನುವ ಹೊಸ ಬಗೆ ಒಳಗೆ ಬಂತು. ಬಿಡುವ ಪದ್ಧತಿ ಇರುವುದರಿಂದಲೇ ಹೊಸದನ್ನು ಸೇರಿಸಿಕೊಳ್ಳುವ ತ್ರಾಣವೂ ಇದೆ ಅಂತ ನನಗೆ ಅನಿಸುತ್ತದೆ.

ಹೇಗೆ ಹೇಳುವುದು ಅನ್ನುವುದಕ್ಕೆ ಮಾದರಿಯನ್ನು ಅವರೇ ಹುಡುಕಿ ತಂದರು, ಆರ್ಚ್ ಲಿನಕ್ಸ್ ಅನ್ನುವ ಮತ್ತೊಂದು ಡಿಸ್ಟ್ರಿಬ್ಯೂಷನ್ನಿನದು. 2017ರ ಜನವರಿಯಲ್ಲಿ ಒಂದು ಪುಟ್ಟ ಪ್ರಕಟಣೆ. 32-ಬಿಟ್ ಬಳಸುವವರು ನಮ್ಮಲ್ಲೂ ನಿಮ್ಮಲ್ಲೂ ಕಡಿಮೆಯಾಗಿದ್ದಾರೆ, ಫೆಬ್ರವರಿಯದೇ ಕೊನೆಯ ಇನ್‌ಸ್ಟಾಲ್ ಇಮೇಜ್, ಒಂಬತ್ತು ತಿಂಗಳು ಸಮಯ, ನವೆಂಬರ್‌ಗೆ ಮುಗಿಯಿತು. ಕಣ್ಣೀರಿಲ್ಲ, ಕ್ಷಮೆಯ ಪುರಾಣವಿಲ್ಲ. ಬೇಕು ಅನ್ನುವವರು ಸೇರಿ ಆರ್ಚ್ ಲಿನಕ್ಸ್ 32 ಅಂತ ಬೇರೆಯೇ ನಡೆಸಿಕೊಂಡು ಹೋದರು.

ನಾನು ಕೊಟ್ಟ ಸಲಹೆ ಇಷ್ಟು. ತಾರೀಕು ಹೇಳಿ, ಕಾರಣ ಎರಡು ಸಾಲಿನಲ್ಲಿ ಹೇಳಿ, ನಿಮ್ಮ ನಿದ್ದೆಯ ಕಥೆ ಬೇಡ. ಅದನ್ನು ಬರೆದರೆ ಸಮಾಧಾನ ಹೇಳುವವರೂ ಸೋಮಾರಿ ಅನ್ನುವವರೂ ಒಟ್ಟಿಗೆ ಬರುತ್ತಾರೆ, ಇಬ್ಬರಿಗೂ ಉತ್ತರ ಕೊಡುತ್ತಾ ಕೂರಬೇಕಾಗುತ್ತದೆ. ಶಾಲೆಯವರಿಗೆ ಮಾತ್ರ ಬೇರೆಯಾಗಿ, ಒಂದೇ ಸಲ, ಬೇರೆ ಯಾವುದಕ್ಕೆ ಹೋಗಬಹುದು ಅಂತ ವಿವರವಾಗಿ ಬರೆಯಿರಿ. ಅವರು ಬೈದರೆ ಬೈಯಲಿ.

ಇನ್ನೊಂದು ಮಾತನ್ನು ಒತ್ತಿ ಹೇಳಿದೆ. ‘ನಾನು ನೋಡಿಕೊಳ್ಳುತ್ತೇನೆ, ಕೀ ನನಗೆ ಕೊಡಿ’ ಅಂತ ಯಾರಾದರೂ ಹೊಸಬರು ಬಂದರೆ ಸುಸ್ತಿನ ಭರದಲ್ಲಿ ಕೊಟ್ಟುಬಿಡಬೇಡಿ. ಎಕ್ಸ್‌ಝಡ್ ಅನ್ನುವ ಫೈಲ್‌ಗಳ ಗಾತ್ರ ಕುಗ್ಗಿಸುವ ಒಂದು ಪುಟ್ಟ ತಂತ್ರಾಂಶದಲ್ಲಿ ಹೀಗೇ ಆಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಹೆಚ್ಚುಕಡಿಮೆ ಒಬ್ಬರೇ. ಇದು ಸಂಬಳವಿಲ್ಲದ ಹವ್ಯಾಸ, ನನ್ನ ಮನಸ್ಸಿನ ಆರೋಗ್ಯವೂ ಸರಿಯಿಲ್ಲ ಅಂತ ಅವರು 2022ರಲ್ಲೇ ಎಲ್ಲರೆದುರು ಬರೆದಿದ್ದರು. ಬೇಗ ಮಾಡಿ, ಬೇರೆಯವರಿಗೆ ಬಿಟ್ಟುಕೊಡಿ ಅನ್ನುವ ಒತ್ತಡ ಬರುತ್ತಲೇ ಇತ್ತು. ನಿಧಾನಕ್ಕೆ ನಂಬಿಕೆ ಗಳಿಸಿದ ಹೊಸಬನೊಬ್ಬನ ಕೈಗೆ ಅಧಿಕಾರ ಹೋಯಿತು. 2024ರ ಮಾರ್ಚ್‌ನಲ್ಲಿ ನೋಡಿದರೆ ಅದರೊಳಗೆ ಕಳ್ಳಬಾಗಿಲು ಕೂತಿತ್ತು. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ಇಂಜಿನಿಯರ್ ಒಬ್ಬರು ಕೆದಕಿ ನೋಡಿದ್ದಕ್ಕೆ ಅದು ಸಿಕ್ಕಿಬಿತ್ತು. ಸುಸ್ತಾದವರಿಗೆ ‘ಸಹಾಯಕ್ಕೆ ಯಾರನ್ನಾದರೂ ಕರೆದುಕೊಳ್ಳಿ’ ಅನ್ನುವುದು ನಮ್ಮ ವೃತ್ತಿಯಲ್ಲಿ ಸುಲಭವಾಗಿ ಬಾಯಿಗೆ ಬರುವ ಸಲಹೆ. ಇಂಥ ಕೆಲಸದಲ್ಲಿ ಅದು ಅಪಾಯದ ಸಲಹೆ. ಹೊಸಬರನ್ನು ತಯಾರು ಮಾಡಲು ಬೇಕಾದ ಶಕ್ತಿ ಸುಸ್ತಾದವರಲ್ಲಿ ಇರುವುದಿಲ್ಲ. ಮೊದಲು ಹೊರೆ ಇಳಿಸಬೇಕು, ಹೆಗಲು ಕೊಡುವವರನ್ನು ಆಮೇಲೆ ನಿಧಾನಕ್ಕೆ ಹುಡುಕಿಕೊಳ್ಳಬಹುದು.

ಪ್ರಕಟಣೆ ಬರೆಯಲು ಆಕೆಗೆ ಬಹಳ ಸಮಯ ಹಿಡಿಯಿತು. ಮೊದಲ ಕರಡಿನಲ್ಲಿ ‘ಕ್ಷಮಿಸಿ’ ಅನ್ನುವುದು ಸಾಲಿಗೊಂದು ಇತ್ತು, ಇಬ್ಬರೂ ಕೂತು ತೆಗೆದೆವು. ಒಂದು ಮಾತ್ರ ಬಿಡಿ ಮೇಡಂ ಅಂದರು, ಬಿಟ್ಟೆ. 32-ಬಿಟ್ ಮತ್ತು ಒಂದು ಡೆಸ್ಕ್‌ಟಾಪ್, ಎರಡಕ್ಕೂ ಆರು ತಿಂಗಳ ಗಡುವು. ಬೈಗುಳ ಬಂದವು. ಇಷ್ಟು ದಿನ ಎಲ್ಲಿದ್ದರೋ ಗೊತ್ತಿಲ್ಲ, ಆ ಡೆಸ್ಕ್‌ಟಾಪ್ ಇಲ್ಲದೆ ಬದುಕೇ ಇಲ್ಲ ಅನ್ನುವವರು ಎದ್ದರು. ನೋಡಿಕೊಳ್ಳಲು ಬನ್ನಿ ಅಂದಾಗ ಒಬ್ಬರೂ ಬರಲಿಲ್ಲ. ಶಾಲೆಯವರಿಂದ ಉತ್ತರ ಬರಲಿಲ್ಲ. ಅದು ಆಕೆಯನ್ನು ಈಗಲೂ ಕಾಡುತ್ತದೆ, ಕಾಡಬಾರದು ಅಂತ ನಾನು ಹೇಳಿಲ್ಲ.

ನಿದ್ದೆ ಸುಧಾರಿಸಿದೆ. ಮೇಲ್ ನೋಡುವುದನ್ನು ಬೆಳಗಿನ ಕಾಫಿ ಹೊತ್ತಿಗೆ ಇಟ್ಟುಕೊಂಡಿದ್ದಾರೆ. ಸಣ್ಣ ಬೋರ್ಡ್‌ಗಳ ಆವೃತ್ತಿಯನ್ನೂ ಬಿಡುವ ಮಾತು ಈಗ ತಂಡದಲ್ಲಿ ನಡೆಯುತ್ತಿದೆಯಂತೆ. ಈ ಸಲ ಅದನ್ನು ಎತ್ತಿದ್ದು ಜರ್ಮನಿಯ ಆ ಹುಡುಗ.