ಹಿತ್ತಲ ಕೋಳಿಗೆ ನೆಲ: ಹುಲ್ಲು ಹಾಕೋದಾ, ಹೊಟ್ಟು ಹಾಕೋದಾ?

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಮನೆ ಹಿಂದೆ 20 ಅಡಿ ಉದ್ದ, 12 ಅಡಿ ಅಗಲಕ್ಕೆ ಜಾಲರಿ ಕಟ್ಟಿ 18 ಗಿರಿರಾಜ ಕೋಳಿ ಬಿಟ್ಟಿದ್ದೇವೆ. ನಾಯಿ, ಮುಂಗುಸಿ ಕಾಟ, ಹೊರಗೆ ಬಿಡುವ ಹಾಗಿಲ್ಲ. ಮೊದಲು ಚೆನ್ನಾಗಿ ಹುಲ್ಲಿತ್ತು, ಎರಡೇ ತಿಂಗಳಲ್ಲಿ ಬೋಳಾಯಿತು. ಈಗ ಮಳೆಗೆ ಬರೀ ಕೆಸರು, ವಾಸನೆ. ತೋಟದಲ್ಲಿ ಹಬ್ಬಿಸುವ ಹಳದಿ ಹೂವಿನ ಪಿಂಟೋಯ್ ಶೇಂಗಾ ಬಳ್ಳಿ ಇಲ್ಲಿ ಹಾಕಿದರೆ ಉಳಿಯುತ್ತಾ? ಬೇರೆ ಯಾವ ಹುಲ್ಲು ಹಾಕಬಹುದು?

ಉತ್ತರ: ಬಳ್ಳಿ ಒಳ್ಳೆಯದೇ. ಅಡಿಕೆ ಮರದ ನೆರಳಲ್ಲೂ ಹಬ್ಬುತ್ತದೆ, ಮಣ್ಣು ಹಿಡಿದಿಡುತ್ತದೆ. ಆದರೆ ಜಾಲರಿಯೊಳಗೆ ಅದೂ ಉಳಿಯುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಒಂದು ಕೋಳಿಗೆ ಸುಮಾರು 13 ಚದರ ಅಡಿ ಸಿಗುತ್ತದೆ. ಕೋಳಿಗೆ ಓಡಾಡಲು ಇದು ಸಾಕು, ಹುಲ್ಲು ಬದುಕಲು ಸಾಲದು. ಕೋಳಿ ಚಿಗುರು ತಿಂದು ಬಿಟ್ಟರೆ ಹುಲ್ಲು ಮತ್ತೆ ಬರುತ್ತದೆ, ಆದರೆ ಅದು ಹುಳ ಹುಡುಕುತ್ತಾ ದಿನವಿಡೀ ಕೆದಕಿ ಬೇರನ್ನೇ ಮೇಲೆತ್ತುತ್ತದೆ. ಗಿರಿರಾಜ ಮೈಭಾರದ ಕೋಳಿ ಬೇರೆ, ಒದ್ದೆ ನೆಲ ಬೇಗ ತುಳಿದು ಗಟ್ಟಿಯಾಗುತ್ತದೆ. ಹಾಗಾಗಿ ಯಾವ ಬೀಜ, ಯಾವ ಬಳ್ಳಿ ಎಂದು ಹುಡುಕಿ ದುಡ್ಡು ಹಾಕಬೇಡಿ.

ಮೊದಲು ನೀರಿನ ದಾರಿ ನೋಡಿ. ಮನೆ ಅಥವಾ ಕೊಟ್ಟಿಗೆ ಸೂರಿನ ನೀರು ಆ ಜಾಗಕ್ಕೆ ಬೀಳುತ್ತಿದೆಯಾ? ಬೀಳುತ್ತಿದ್ದರೆ ದೋಣಿ ಹಾಕಿ ಬೇರೆ ಕಡೆ ತಿರುಗಿಸಿ. ಮೇಲ್ಬದಿಯಿಂದ ಹರಿದು ಬರುವ ನೀರಿಗೆ ತೋಟದಲ್ಲಿ ತೆಗೆಯುವ ಹಾಗೆಯೇ ಒಂದು ಬಸಿಗಾಲುವೆ ತೆಗೆಯಿರಿ, ಜಾಲರಿಯ ಹೊರಗೆ. ಇದಿಷ್ಟು ಮಾಡದೆ ಮೇಲೆ ಏನು ಸುರಿದರೂ ಒಂದು ವಾರದಲ್ಲಿ ಕೆಸರಿನ ಜೊತೆ ಸೇರಿಹೋಗುತ್ತದೆ.

ಆಮೇಲೆ ಈಗಿರುವ ಕೆಸರು. ಅದರ ಮೇಲೇ ಹೊಸದನ್ನು ಹರಡುವುದು ಎಲ್ಲರೂ ಮಾಡುವ ಕೆಲಸ, ದಯವಿಟ್ಟು ಮಾಡಬೇಡಿ, ಯಾಕೆಂದರೆ ವಾಸನೆಗೂ ಕಾಯಿಲೆಗೂ ಕಾರಣ ಆ ಮೇಲಿನ ಎರಡು ಮೂರು ಇಂಚು ಮಣ್ಣೇ, ಹಿಕ್ಕೆಯೆಲ್ಲ ಸೇರಿರುವುದು ಅಲ್ಲೇ. ಎರಡು ದಿನ ಮಳೆ ಬಿಟ್ಟಾಗ ಅದನ್ನು ಎಳೆದು ಗೊಬ್ಬರದ ಗುಂಡಿಗೆ ಹಾಕಿ. ತೀರಾ ತಗ್ಗಿರುವಲ್ಲಿ ಜಂಬಿಟ್ಟಿಗೆ ಚೂರು ತುಂಬಿ ಒಂದು ಕಡೆಗೆ ಇಳಿಜಾರು ಮಾಡಿ. ಚೂಪಾದ ಜಲ್ಲಿ ಮೇಲೆ ಕಾಣುವ ಹಾಗೆ ಬಿಡಬೇಡಿ, ಪಾದಕ್ಕೆ ಗಾಯವಾಗಿ ಅಡಿಯಲ್ಲಿ ಕೀವುಗಂಟು ಕಟ್ಟುತ್ತದೆ.

ಈಗ ಹಾಸು. ಸೂರಿನ ಕೆಳಗಿರುವ ಭಾಗಕ್ಕೆ ಭತ್ತದ ಹೊಟ್ಟು ಅಥವಾ ಮರ ಕೀಸಿದ ಸುರುಳಿ, ನಾಲ್ಕರಿಂದ ಆರು ಇಂಚು. ಮಳೆ ನೇರ ಬೀಳುವ ಭಾಗಕ್ಕೆ ಇವೆರಡೂ ಬೇಡ, ಸಣ್ಣ ವಸ್ತು ನೀರು ಕುಡಿದು ಮುದ್ದೆಯಾಗುತ್ತದೆ. ಅಲ್ಲಿಗೆ ದಪ್ಪನೆಯದು ಬೇಕು: ಮರದ ಚಕ್ಕೆ, ಕಡ್ಡಿ ಚೂರು, ನಿಮ್ಮ ಕಡೆ ರಾಶಿ ಬೀಳುವ ಅಡಿಕೆ ಸಿಪ್ಪೆ. ಅಡಿಕೆ ಸಿಪ್ಪೆ ಬೇಗ ಕೊಳೆಯುವುದಿಲ್ಲ, ಅದರ ನಡುವೆ ನೀರು ಇಳಿದು ಹೋಗುತ್ತದೆ. ಆದರೆ ಸುಲಿದ ಹಸಿ ಸಿಪ್ಪೆ ತಂದು ಸುರಿಯಬೇಡಿ. ಬೇಸಿಗೆಯಲ್ಲೇ ಒಣಗಿಸಿ ಮಳೆ ತಾಗದ ಕಡೆ ಕೂಡಿಡಿ. ಬೂಸ್ಟು ಹಿಡಿದ ಹಾಸು ಕೋಳಿಯ ಉಸಿರಿಗೆ, ಅದರಲ್ಲೂ ಮರಿಗಳಿಗೆ ತುಂಬಾ ಅಪಾಯ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ನೀರು) ಹೊಡೆಯುವ ದಿನ ಕೋಳಿಗಳನ್ನು ಗೂಡಿನೊಳಗೇ ಇಟ್ಟು, ನೀರಿನ ಪಾತ್ರೆ ಮುಚ್ಚಿಡಿ. ಮೈಲುತುತ್ತದ ನೀರು ಅವುಗಳ ಬಾಯಿಗೆ ಹೋಗಬಾರದು.

ದರಗು, ಅಂದರೆ ಉದುರಿದ ಒಣ ಎಲೆ, ಹಾಕಬಹುದಾ ಎಂದು ಮಲೆನಾಡಿನವರು ಮುಂದಿನ ಪ್ರಶ್ನೆ ಕೇಳಿಯೇ ಕೇಳುತ್ತೀರಿ. ಧಾರಾಳವಾಗಿ ಹಾಕಿ. ಅಕೇಶಿಯಾ ಎಲೆ ಗಟ್ಟಿ, ಹೆಚ್ಚು ದಿನ ಬರುತ್ತದೆ. ಸಾಗುವಾನಿ ಎಲೆ ಅಗಲ, ಒದ್ದೆಯಾದರೆ ಚಾಪೆಯಂತೆ ಅಂಟಿಕೊಂಡು ಕೆಳಗೆ ಗಾಳಿ ಆಡದಂತೆ ಮಾಡುತ್ತದೆ, ಅದನ್ನು ಮುರಿದು ಬೇರೆಯದರ ಜೊತೆ ಬೆರೆಸಿ. ಮಳೆಗಾಲದಲ್ಲಿ ಕೊಟ್ಟಿಗೆಗೆ ಹಾಕುವ ಹಸಿ ಸೊಪ್ಪು ಮಾತ್ರ ಇಲ್ಲಿಗೆ ಬೇಡ, ಇರುವ ತೇವವೇ ಜಾಸ್ತಿ ಅಲ್ವಾ.

ಹಾಸು ಸರಿ ಇದೆಯಾ ಎಂದು ತಿಳಿಯಲು ಒಂದು ಹಿಡಿ ತೆಗೆದು ಬಿಗಿಯಾಗಿ ಒತ್ತಿ. ಕೈ ಬಿಟ್ಟಾಗ ಉದುರಿದರೆ ಸರಿ. ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚಿದೆ, ಆ ಭಾಗ ತೆಗೆದು ಒಣಗಿದ್ದು ಹಾಕಿ. ಕೋಳಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕುಳಿತು ಉಸಿರೆಳೆದು ನೋಡಿ, ಕಣ್ಣು ಉರಿದರೆ ಅಮೋನಿಯಾ ತುಂಬಿದೆ ಎಂದು ಅರ್ಥ. ನಿಂತರೆ ನಮಗೆ ಅದು ಗೊತ್ತಾಗುವುದಿಲ್ಲ, ಕೋಳಿ ಇಡೀ ದಿನ ಅದನ್ನೇ ಉಸಿರಾಡುತ್ತಿರುತ್ತದೆ. ನಾನು ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣ ರಕ್ತಭೇದಿ. ಆ ರೋಗದ ಮೊಟ್ಟೆಯಂಥ ಕಣಗಳು ಹಿಕ್ಕೆಯ ಜೊತೆ ಬಿದ್ದು, ಬೆಚ್ಚಗಿನ ಒದ್ದೆ ನೆಲದಲ್ಲಿ ಒಂದೆರಡು ದಿನದಲ್ಲೇ ಸೋಂಕು ಹರಡುವ ಸ್ಥಿತಿಗೆ ಬರುತ್ತವೆ. ಸಾಮಾನ್ಯ ಫಿನಾಯಿಲ್‌ಗೆಲ್ಲ ಅವು ಸಾಯುವುದಿಲ್ಲ, ಒಣ ನೆಲ ಮತ್ತು ಬಿಸಿಲಿಗೆ ಸಾಯುತ್ತವೆ. ಹಿಕ್ಕೆಯಲ್ಲಿ ರಕ್ತ ಕಂಡರೆ, ಮರಿ ರೆಕ್ಕೆ ಇಳಿಬಿಟ್ಟು ಮುದುಡಿ ಕೂತರೆ ಅದೇ ದಿನ ಪಶು ವೈದ್ಯರಿಗೆ ತೋರಿಸಿ.

ಹಸಿರು ಬೇಕೇ ಬೇಕು ಎಂದರೆ ದಾರಿ ಇದೆ. ನಾಲ್ಕು ಹಲಗೆ ಜೋಡಿಸಿ ಆರು ಇಂಚು ಎತ್ತರದ ಚೌಕಟ್ಟು ಮಾಡಿ, ಮೇಲೆ ಬಿಗಿಯಾಗಿ ಜಾಲರಿ ಹೊಡೆದು, ಒಳಗೆ ಗರಿಕೆ ಬೆಳೆಸಿ. ಜಾಲರಿಯಿಂದ ಮೇಲೆ ಬಂದ ತುದಿಯನ್ನಷ್ಟೇ ಕೋಳಿ ತಿನ್ನುತ್ತದೆ, ಬೇರು ಉಳಿಯುತ್ತದೆ. ನಿಮ್ಮ ಪಿಂಟೋಯ್ ಬಳ್ಳಿಯನ್ನು ಬೇಲಿಯ ಹೊರಗೆ ಹಬ್ಬಿಸಿ, ಒಳಗೆ ಚಾಚಿದ್ದನ್ನು ಅವು ತಿಂದುಕೊಳ್ಳಲಿ.

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಇದ್ದೇವೆ. ಹಿತ್ತಲಲ್ಲಿ 10 ಅಡಿಗೆ 10 ಅಡಿ ಜಾಗ, ಆರು ನಾಟಿ ಕೋಳಿ. ಮೆಕ್ಸಿಕನ್ ಲಾನ್ ಹಾಕಿಸೋಣ ಅಂತಿದ್ದೇವೆ, ಇಲ್ಲದಿದ್ದರೆ ಪ್ಲಾಸ್ಟಿಕ್ ಹುಲ್ಲು. ಯಾವುದು ಒಳ್ಳೆಯದು?

ಉತ್ತರ: ಎರಡೂ ಬೇಡ. ಲಾನ್ ಅಷ್ಟು ಜಾಗದಲ್ಲಿ ಬೇಗನೇ ಬೋಳಾಗುತ್ತದೆ, ಜೊತೆಗೆ ಗೆದ್ದಲಿಗೆಂದು ಔಷಧಿ ಹೊಡೆದ ಹುಲ್ಲು ಬಂದರೆ ಅದು ಕೋಳಿಯ ಹೊಟ್ಟೆಗೆ ಹೋಗುತ್ತದೆ. ಪ್ಲಾಸ್ಟಿಕ್ ಹುಲ್ಲಿನಲ್ಲಿ ಹಿಕ್ಕೆ ಸಿಕ್ಕಿಕೊಂಡು ಎಷ್ಟು ತೊಳೆದರೂ ಹೋಗುವುದಿಲ್ಲ, ಎಳೆ ಕಿತ್ತು ನುಂಗಿದರೆ ಗಂಟಲಚೀಲದಲ್ಲಿ ಸಿಕ್ಕಿಬೀಳುತ್ತದೆ, ಬಿಸಿಲಿಗೆ ಕಾದು ಕಾಲು ಸುಡುತ್ತದೆ. ಕೋಳಿ ಕೆದಕಬೇಕು, ಅದು ಅದರ ಹುಟ್ಟುಗುಣ. ಕೆದಕಲು ಬಿಡದ ನೆಲ ಎಷ್ಟೇ ಚೆಂದ ಕಂಡರೂ ಅವುಗಳಿಗೆ ಜೈಲೇ.

ಮೇಲೆ ಶೀಟ್ ಹಾಕಿಸಿ, ಕೆಳಗೆ ಮರ ಕೀಸಿದ ಸುರುಳಿ ಹರಡಿ. ತರುವಾಗ ಪ್ಲೈವುಡ್, ಬಣ್ಣ ಬಳಿದ ಮರದ್ದು ಬೇಡ ಎಂದು ಸ್ಪಷ್ಟವಾಗಿ ಹೇಳಿ, ಅಂಟು ಮತ್ತು ರಾಸಾಯನಿಕ ಇರುತ್ತದೆ. ಗರಗಸದ ನಯ ಪುಡಿಯೂ ಬೇಡ, ಧೂಳು ಜಾಸ್ತಿ. ಎಂ-ಸ್ಯಾಂಡ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದರ ಕಲ್ಲುಪುಡಿ ನೀರು ಬಿದ್ದ ಮೇಲೆ ಗಟ್ಟಿ ಹಿಡಿಯುತ್ತದೆ, ಬಳಸಲೇಬೇಕಾದರೆ ತೊಳೆದದ್ದನ್ನೇ ತನ್ನಿ. ಪಕ್ಕದ ಮನೆಯವರಿಗೆ ವಾಸನೆ ಹೋಗದಿರಲು ರಾತ್ರಿ ಕೂರುವ ಕೋಲಿನ ಕೆಳಗಿನ ಹಿಕ್ಕೆಯನ್ನು ದಿನಾ ಬೆಳಿಗ್ಗೆ ತೆಗೆಯಿರಿ, ಹೆಚ್ಚು ಬೀಳುವುದು ಅಲ್ಲೇ.

ಪ್ರಶ್ನೆ: ಚಳ್ಳಕೆರೆ ಕಡೆಯವರು. ನಮ್ಮಲ್ಲಿ ಶೇಂಗಾ ಸಿಪ್ಪೆ ಬೇಕಾದಷ್ಟು ಸಿಗುತ್ತೆ. ಕೋಳಿ ನೆಲಕ್ಕೆ ಹಾಕಬಹುದಾ? ಮಣ್ಣು ಬರೀ ಧೂಳು.

ಉತ್ತರ: ಹಾಕಬಹುದು, ಪೂರ್ತಿ ಒಣಗಿದ್ದರೆ ಮಾತ್ರ. ಒಮ್ಮೆ ನೆನೆದು ಬೂಸ್ಟು ಹಿಡಿದ ಸಿಪ್ಪೆಯಲ್ಲಿ, ಒಳಗೆ ಉಳಿದ ಕಾಳಿನ ಚೂರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಕೋಳಿಯ ಲಿವರ್ ಕೆಡಿಸುತ್ತದೆ. ಬಣ್ಣ ಕಪ್ಪಾಗಿದ್ದರೆ, ಮುಗ್ಗಲು ವಾಸನೆ ಬಂದರೆ ಪುಕ್ಕಟೆ ಕೊಟ್ಟರೂ ತರಬೇಡಿ. ಧೂಳನ್ನು ಪೂರ್ತಿ ಮುಚ್ಚುವುದೂ ಬೇಡ. ಒಂದು ಮೂಲೆಯನ್ನು ಒಣ ಮಣ್ಣು ಮತ್ತು ಸ್ವಲ್ಪ ಬೂದಿ ಹಾಕಿ ಹಾಗೇ ಬಿಡಿ, ಅಲ್ಲಿ ಹೊರಳಾಡಿಯೇ ಅವು ಮೈಮೇಲಿನ ಹೇನು ಕಳೆದುಕೊಳ್ಳುತ್ತವೆ. ನಿಮ್ಮ ಕಡೆ ಹಾಸಿಗಿಂತ ನೆರಳು ಮುಖ್ಯ. ಬೇಲಿಯ ಹೊರಗೆ, ಪಡುವಣ ಬದಿಗೆ ನುಗ್ಗೆ ನೆಡಿ, ಮಧ್ಯಾಹ್ನದ ಬಿಸಿಲು ತಡೆಯುತ್ತದೆ, ಸೊಪ್ಪನ್ನು ಕೋಳಿಗೂ ಹಾಕಬಹುದು. ಕಣಗಿಲೆಯನ್ನೂ ಹರಳು ಗಿಡವನ್ನೂ ಹತ್ತಿರ ಬೆಳೆಸಬೇಡಿ, ಕಣಗಿಲೆ ಇಡೀ ಗಿಡವೇ ವಿಷ, ಹರಳು ಬೀಜವೂ ವಿಷ.