ಲೆಮನಿ ಸ್ನಿಕೆಟ್ ಪುಸ್ತಕಗಳಿಗೆ ಸಿನಿಮಾಗಿಂತ ಟಿವಿ ಸರಣಿಯೇ ಯಾಕೆ ಚೆನ್ನಾಗಿ ಒಗ್ಗಿತು?

ಮೊದಲ ಕಾರಣ ಸುಲಭ: ಜಾಗ. 'ಎ ಸೀರೀಸ್ ಆಫ್ ಅನ್‌ಫಾರ್ಚುನೇಟ್ ಈವೆಂಟ್ಸ್' ಎಂಬ ಈ ಮಕ್ಕಳ ಕಾದಂಬರಿ ಮಾಲೆ ಒಟ್ಟು 13 ಪುಸ್ತಕ. 2004ರ ಸಿನಿಮಾ ಮೊದಲ ಮೂರನ್ನು ಒಂದರಲ್ಲೇ ತುರುಕಿತು. ನೆಟ್‌ಫ್ಲಿಕ್ಸ್ ಸರಣಿ (2017–2019) 25 ಕಂತು ತೆಗೆದುಕೊಂಡಿತು. ಪುಸ್ತಕಕ್ಕೆ ಎರಡು ಕಂತು, ಕೊನೆಯದಕ್ಕೆ ಮಾತ್ರ ಒಂದು.

ಆದರೆ ನಿಜವಾದ ಗುಟ್ಟು ನಿರೂಪಕನಲ್ಲಿದೆ. ಬೆಂಕಿಯಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಮೂವರು ಮಕ್ಕಳು, ಅವರ ಆಸ್ತಿಯ ಹಿಂದೆ ಬಿದ್ದ ಕೌಂಟ್ ಓಲಾಫ್. ಇದರಲ್ಲಿ ನಗೋಕೆ ಏನಿದೆ? ನಗು ಬರುವುದು ಹೇಳುವ ಧಾಟಿಯಲ್ಲಿ. ನಿರೂಪಕ ಸ್ನಿಕೆಟ್ 'ಇದನ್ನು ಓದಲೇಬೇಡಿ' ಅನ್ನುತ್ತಾನೆ, ಕಥೆ ಬಿಸಿಯೇರಿದಾಗ ನಿಲ್ಲಿಸಿ ಯಾವುದೋ ಪದದ ಅರ್ಥ ವಿವರಿಸುತ್ತಾನೆ. ಸಿನಿಮಾದಲ್ಲಿ ಅವನು ಹೆಚ್ಚಾಗಿ ನೆರಳು ಮತ್ತು ದನಿ. ಸರಣಿಯಲ್ಲಿ ಪ್ಯಾಟ್ರಿಕ್ ವಾರ್ಬರ್ಟನ್ ಸೂಟು ಹಾಕಿಕೊಂಡು ದೃಶ್ಯದೊಳಗೇ ಬಂದು ನಿಲ್ಲುತ್ತಾರೆ, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಮೂಲ ಲೇಖಕ ಡೇನಿಯಲ್ ಹ್ಯಾಂಡ್ಲರ್ (ಲೆಮನಿ ಸ್ನಿಕೆಟ್ ಅವರದೇ ಕಾವ್ಯನಾಮ) ತಾವೇ ಹಲವು ಕಂತು ಬರೆದದ್ದೂ ಇದಕ್ಕೆ ನೆರವಾಯಿತು.

ಒಂದು ತಕರಾರು ಇದೆ. ಹೊಸ ಪೋಷಕರು, ವೇಷ ಹಾಕಿದ ಓಲಾಫ್, ಗುರುತೇ ಹಿಡಿಯದ ದೊಡ್ಡವರು: ಶುರುವಿನ ಪುಸ್ತಕಗಳಲ್ಲಿ ಇದೇ ಮತ್ತೆ ಮತ್ತೆ. ಒಂದೇ ಸಮನೆ ನೋಡಿದರೆ ಬೇಜಾರಾಗುತ್ತೆ. ದಿನಕ್ಕೆ ಎರಡು ಕಂತು ಸಾಕು.