ಕಲಬುರಗಿಯಲ್ಲಿ ಇದ್ದುಕೊಂಡು ಮೊದಲ ಕಯಾಕ್ ಕೊಳ್ಳುವುದಾದರೆ ಯಾವುದು?

ನಮಸ್ಕಾರ ರೀ. ಕಲಬುರಗಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ಸಣ್ಣ ಕಾರು, ತೂಕ 84 ಕಿಲೋ, ಈಜು ಅಷ್ಟಕ್ಕಷ್ಟೇ, ರಜೆ ದಿನ ಡ್ಯಾಮಿನ ಹಿನ್ನೀರಿನಲ್ಲಿ ಆರಾಮಾಗಿ ಓಡಾಡಬೇಕು, ಯಾವ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ತಗೊಳ್ಳಲಿ ಅಂತ ಕೇಳಿದ್ದೀರಿ. ನಿಮಗೆ ಸರಿಹೋಗುವುದು ಗಾಳಿ ತುಂಬುವ ಕಯಾಕ್. ಹತ್ತು ಅಡಿ ಆಸುಪಾಸಿನದು, ಇಬ್ಬರು ಕೂರುವಂಥದ್ದು, ತಳಕ್ಕೆ ದಪ್ಪ ಹೊದಿಕೆ ಇರುವಂಥದ್ದು ನೋಡಿ. ಯಾಕೆ ಅಂತ ಹೇಳುತ್ತೇನೆ.

ಕಯಾಕ್ ನೀರಿನ ಮೇಲೆ ಹೇಗೆ ಹೋಗುತ್ತದೆ ಅಂತ ಎಲ್ಲರೂ ಮೊದಲು ವಿಚಾರಿಸುತ್ತಾರೆ. ನಮ್ಮ ಕಡೆ ಮೊದಲು ವಿಚಾರಿಸಬೇಕಾದದ್ದು ಅದು ನೀರಿನ ತನಕ ಹೇಗೆ ಹೋಗುತ್ತದೆ ಅಂತ. ಬೆಣ್ಣೆತೊರೆ, ಅಮರ್ಜಾ, ಚಂದ್ರಂಪಳ್ಳಿ, ಬೀದರಿನ ಕಾರಂಜಾ, ಎಲ್ಲವೂ ಮಳೆ ನಂಬಿದ ಜಲಾಶಯಗಳು. ಮಳೆಗಾಲ ಚೆನ್ನಾಗಿ ಆದ ವರ್ಷ ಅಕ್ಟೋಬರ್‌ನಲ್ಲಿ ನೀರು ದಾರಿ ಹತ್ತಿರಕ್ಕೇ ಬಂದಿರುತ್ತದೆ. ಮಾರ್ಚ್ ಬಂತು ಅಂದರೆ ಎಲ್ಲೋ ಒಳಗೆ ಸರಿದಿರುತ್ತದೆ, ನಡುವೆ ಬರೀ ಎರೆಮಣ್ಣು. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕಾಲಿಟ್ಟರೆ ಒಳಗಿನ ಹಸಿ ಮಣ್ಣು ಚಪ್ಪಲಿಯನ್ನೇ ಎಳೆದುಕೊಳ್ಳುತ್ತದೆ. ನನ್ನ ಗೆಳೆಯನ ಹತ್ತಿರ ಗಟ್ಟಿ ಪ್ಲಾಸ್ಟಿಕ್ ಕಯಾಕ್ ಇದೆ, ಹತ್ತು ಅಡಿ, ಸುಮಾರು 24 ಕಿಲೋ. ಆ ಮಣ್ಣಲ್ಲಿ ಇಬ್ಬರು ಹಿಡಿದು ಹೊತ್ತರೂ ನೀರು ಮುಟ್ಟುವಷ್ಟರಲ್ಲಿ ಸಾಕುಸಾಕಾಗುತ್ತದೆ. ಅದನ್ನೇ ನೀವು ಎರಡು ಮಹಡಿ ಇಳಿಸಿ, ಕಾರಿನ ಮೇಲೆ ಕಟ್ಟಿ, ಸಂಜೆ ಮತ್ತೆ ಹತ್ತಿಸಬೇಕು ಅಂತ ಯೋಚಿಸಿ. ನಾಲ್ಕು ಸಲ ಮಾಡುತ್ತೀರಿ, ಆಮೇಲೆ ಕಯಾಕ್ ಮನೆಯಲ್ಲೇ ಉಳಿಯುತ್ತದೆ. ಗಾಳಿ ತುಂಬುವಂಥದ್ದು 10ರಿಂದ 15 ಕಿಲೋ, ಚೀಲದಲ್ಲಿ ಮಡಚಿ ಡಿಕ್ಕಿಗೆ ಹಾಕಿದರೆ ಆಯ್ತು.

ಹಾಗಂತ ಗಟ್ಟಿ ಕಯಾಕ್ ಕೆಟ್ಟದ್ದಲ್ಲ. ನೀರಿನ ಮೇಲೆ ಅದೇ ಮೇಲು, ನೇರ ಹೋಗುತ್ತದೆ, ಗಾಳಿಗೆ ಜಾಸ್ತಿ ಅಲ್ಲಾಡುವುದಿಲ್ಲ. ನೆಲಮಹಡಿ ಮನೆ, ಅಂಗಳದಲ್ಲಿ ನೆರಳು, ಜೊತೆಗೆ ಯಾವಾಗಲೂ ಒಬ್ಬರು ಇದ್ದಿದ್ದರೆ ನಾನೇ ಅದನ್ನು ತಗೊಳ್ಳಿ ಅನ್ನುತ್ತಿದ್ದೆ. ಅದರಲ್ಲೂ ಸಿಟ್-ಆನ್-ಟಾಪ್, ಅಂದರೆ ಮೇಲೆ ಕೂರುವ ಥರದ್ದು. ಅದರ ಮೈಯಲ್ಲೇ ತೂತುಗಳಿರುತ್ತವೆ, ಒಳಗೆ ಬಿದ್ದ ನೀರು ತಾನಾಗಿ ಇಳಿದುಹೋಗುತ್ತದೆ, ಮಗುಚಿದರೆ ತಿರುಗಿಸಿ ಮತ್ತೆ ಹತ್ತಬಹುದು. ಒಳಗೆ ಕಾಲು ತೂರಿಸಿ ಕೂರುವ ಸಿಟ್-ಇನ್‌ಸೈಡ್ ಚಳಿ ಊರುಗಳಿಗೆ ಸರಿ. ನಮ್ಮ ಬಿಸಿಲಲ್ಲಿ ಅದರೊಳಗೆ ಕಾಲು ಬೇಯುತ್ತದೆ. ಮಗುಚಿದರೆ ನೀರು ತುಂಬಿಕೊಳ್ಳುತ್ತದೆ, ಹೊಸಬರು ನಡುನೀರಲ್ಲಿ ಅದನ್ನು ಖಾಲಿ ಮಾಡುವುದು ಕಷ್ಟ.

ಈಗ ತೂಕದ ಲೆಕ್ಕ. ಡಬ್ಬಿಯ ಮೇಲೆ 100 ಕಿಲೋ ಅಂತ ಬರೆದಿದ್ದರೆ ಅದು ಕಟ್ಟಕಡೆಯ ಮಿತಿ, ಆರಾಮಾಗಿ ಹೋಗುವ ತೂಕ ಅಲ್ಲ. ಅದರ 70 ಪರ್ಸೆಂಟ್ ಮಾತ್ರ ನಮ್ಮದು ಅಂದುಕೊಳ್ಳಿ. ನೀವು 84, ಲೈಫ್ ಜಾಕೆಟ್, ನೀರಿನ ಬಾಟಲಿ, ಬುತ್ತಿ, ಪಂಪ್ ಸೇರಿ ಇನ್ನೊಂದು 8 ಕಿಲೋ, ಒಟ್ಟು 92. ಅಂದರೆ 132 ಕಿಲೋಗಿಂತ ಕಡಿಮೆ ಹೊರುವುದನ್ನು ನೋಡಲೇಬೇಡಿ. ಇಂಟೆಕ್ಸ್ ಚಾಲೆಂಜರ್ ಕೆ1 ಅಗ್ಗ ಅಂತ ಎಲ್ಲರೂ ತೋರಿಸುತ್ತಾರೆ, ಅದರ ಮಿತಿ 100 ಕಿಲೋ, ನಿಮಗೆ ಸಾಲದು. ಅದೇ ಕಂಪನಿಯ ಎಕ್ಸ್‌ಪ್ಲೋರರ್ ಕೆ2 ಇಬ್ಬರದ್ದು, 312 ಸೆಂಟಿಮೀಟರ್ ಉದ್ದ, 91 ಅಗಲ, 180 ಕಿಲೋ ಮಿತಿ. ಅದನ್ನೇ ಕೊಳ್ಳಿ ಅಂತಲ್ಲ, ಆ ಅಳತೆ ನೆನಪಿಟ್ಟುಕೊಳ್ಳಿ. ಒಬ್ಬರೇ ಹೋಗುವ ದಿನ ಹಿಂದಿನ ಸೀಟ್ ಸ್ವಲ್ಪ ಮುಂದೆ ಎಳೆದುಕೊಂಡರೆ ಸಮ ಆಗುತ್ತದೆ. ಹುಟ್ಟು 230 ಸೆಂಟಿಮೀಟರ್ ಆದರೂ ಇರಲಿ, ಅಗಲದ ಕಯಾಕಿಗೆ ಗಿಡ್ಡ ಹುಟ್ಟು ಹಾಕಿದರೆ ಬೆರಳ ಗೆಣ್ಣು ಪಕ್ಕಕ್ಕೆ ತಾಗಿ ಸುಲಿಯುತ್ತದೆ. ತಳದಲ್ಲಿ ಸಿಕ್ಕಿಸುವ ಸಣ್ಣ ರೆಕ್ಕೆ ಬರುತ್ತದಲ್ವಾ, ಸ್ಕೆಗ್ ಅಂತ, ಅದಿಲ್ಲದೆ ಇಳಿಸಬೇಡಿ. ಇಳಿಸಿದರೆ ಹರಿಗೋಲಿನ ಹಾಗೆ ಗಿರಕಿ ಹೊಡೆಯುತ್ತದೆ.

ನಮ್ಮಲ್ಲಿ ಗಾಳಿ ಕಯಾಕಿನ ದೊಡ್ಡ ಶತ್ರು ಬಂಡೆ ಅಲ್ಲ, ಜಾಲಿ ಮುಳ್ಳು. ನೀರು ಇಳಿದ ದಡದ ತುಂಬ ಬಳ್ಳಾರಿ ಜಾಲಿ ಬೆಳೆದಿರುತ್ತದೆ, ಮುಂದಿನ ವರ್ಷ ನೀರು ಏರಿದಾಗ ಆ ಗಿಡಗಳೇ ಮುಳುಗಿ ನಿಂತಿರುತ್ತವೆ, ಮೇಲಿಂದ ಕಾಣುವುದಿಲ್ಲ. ತಳಕ್ಕೆ ದಪ್ಪ ಹೊದಿಕೆ ಇರಲಿ ಅಂದದ್ದು ಇದಕ್ಕೇ. ಗಾಳಿಯ ಕೋಣೆಗಳು ಬೇರೆ ಬೇರೆ ಮೂರಾದರೂ ಇರಬೇಕು, ಒಂದು ಹೋದರೆ ಉಳಿದವು ದಡ ಸೇರಿಸುತ್ತವೆ. ಹಿಡಿದು ಎಳೆಯಬೇಡಿ, ಎತ್ತಿ ಇಡಿ. ಮುಳ್ಳು ಚುಚ್ಚಿದರೆ ಕೈಯಿಂದ ಹುಡುಕಿದರೆ ಸಿಗುವುದಿಲ್ಲ, ಸೂಜಿಮೊನೆಯಷ್ಟೇ ತೂತು. ಸೋಪಿನ ನೀರು ಸವರಿ, ಸಣ್ಣಗೆ ಗುಳ್ಳೆ ಏಳುವ ಕಡೆ ಪೆನ್ನಿನಲ್ಲಿ ಗುರುತು ಹಾಕಿ. ಗಾಳಿ ಪೂರ್ತಿ ತೆಗೆದು, ಒರೆಸಿ ಒಣಗಿಸಿ, ಪಿವಿಸಿ ಗೋಂದು ಹಚ್ಚಿ ತುಂಡು ಅಂಟಿಸಿ, ಮೇಲೆ ಭಾರ ಇಟ್ಟು ಒಂದು ದಿನ ಬಿಡಿ. ಅವಸರ ಮಾಡಿದರೆ ಅಂಚು ಎದ್ದುಬರುತ್ತದೆ.

ಬಿಸಿಲಿನ ವಿಷಯ ಹೇಳಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಬಿಗಿಯಾಗಿ ತುಂಬಿದ ಕಯಾಕನ್ನು ಹತ್ತು ಗಂಟೆಗೆ ದಡಕ್ಕೆ ಹಾಕಿ ಟೀ ಕುಡಿಯಲು ಕೂತರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ, ಅಂಟು ಬಿಡಬಹುದು. ದಡಕ್ಕೆ ಬಂದ ಕೂಡಲೇ ಸ್ವಲ್ಪ ಗಾಳಿ ಬಿಡಿ. ಮನೆಯಲ್ಲೂ ಟೆರೇಸಿನ ಮೇಲೆ, ತಗಡಿನ ಶೆಡ್ಡಿನಲ್ಲಿ ಇಡಬೇಡಿ. ಗಟ್ಟಿ ಪ್ಲಾಸ್ಟಿಕ್ ಕೂಡ ಬಿಸಿಲಿಗೆ ಸೊಟ್ಟ ಆಗುತ್ತದೆ.

ಜಾಕೆಟ್‌ನಲ್ಲಿ ಉಳಿತಾಯ ಬೇಡ. ಕಯಾಕ್ ಎಷ್ಟು ಅಗ್ಗದ್ದಾದರೂ ತಗೊಳ್ಳಿ, ಜಾಕೆಟ್ ಒಳ್ಳೆಯದೇ ಇರಲಿ. ಅದು ಎಷ್ಟು ತೇಲಿಸುತ್ತದೆ ಅಂತ ಮೇಲೆ ನ್ಯೂಟನ್ ಲೆಕ್ಕದಲ್ಲಿ ಬರೆದಿರುತ್ತದೆ. 50 ಅನ್ನೋದು ಚೆನ್ನಾಗಿ ಈಜು ಬರುವವರಿಗೆ, ಅದೂ ದಡದ ಹತ್ತಿರ ಇರುವವರಿಗೆ. ನಿಮ್ಮ ಈಜು ಅಷ್ಟಕ್ಕಷ್ಟೇ ಅಂದಿರಿ, ಹಾಗಾಗಿ 100 ಇರುವುದು ಬೇಕು.

ನದಿಗೆ ಈಗಲೇ ಇಳಿಯಬೇಡಿ. ಭೀಮಾದಲ್ಲಿ ಇಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ, 2020ರ ಅಕ್ಟೋಬರ್ ಪ್ರವಾಹ ಯಾರೂ ಮರೆತಿಲ್ಲ. ಬ್ಯಾರೇಜ್ ಗೇಟುಗಳ ಹತ್ತಿರ ಸೆಳೆತ ಇರುತ್ತದೆ. ಕೃಷ್ಣೆಯಲ್ಲಿ ಮೊಸಳೆ ಇವೆ. ನಾರಾಯಣಪುರದ ಕಾಲುವೆ ನೋಡಲು ಸಮತಟ್ಟಾಗಿ, ಆಸೆ ಹುಟ್ಟಿಸುವಂತೆ ಇರುತ್ತದೆ, ಆದರೆ ಬಿದ್ದರೆ ಕಾಂಕ್ರೀಟಿನ ಇಳಿಜಾರು ಹಿಡಿದು ಮೇಲೆ ಬರಲು ಆಗುವುದಿಲ್ಲ. ಜಲಾಶಯದಲ್ಲೂ ಅಲ್ಲಿನ ನೀರಾವರಿ ಕಚೇರಿಯಲ್ಲಿ ಕೇಳಿ, ಒಪ್ಪಿದರೆ ಮಾತ್ರ ಇಳಿಸಿ. ಮೀನುಗಾರರನ್ನು ಮಾತಾಡಿಸಿ, ಬಲೆ ಎಲ್ಲಿ ಹಾಕಿದ್ದಾರೆ, ಗಿಡ ಎಲ್ಲಿ ಮುಳುಗಿವೆ ಅಂತ ಅವರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಬೆಳಿಗ್ಗೆ ಬೇಗ ಇಳಿದು, ಗಾಳಿ ಏಳುವ ಮುಂಚೆ ಬಂದುಬಿಡಿ.

ದುಡ್ಡು ಹಾಕುವ ಮುಂಚೆ ಒಂದು ಸಲ ಕೂತು ನೋಡಿ. ಸೇಡಂ, ತಾಂಡೂರು ದಾರಿಯಲ್ಲಿ ಹೋದರೆ ವಿಕಾರಾಬಾದ್ ಹತ್ತಿರದ ಕೋಟಪಲ್ಲಿ ಜಲಾಶಯದಲ್ಲಿ ಕಯಾಕ್ ಬಾಡಿಗೆಗೆ ಕೊಡುತ್ತಾ ಬಂದಿದ್ದಾರೆ. ಹೊರಡುವ ಮುಂಚೆ ಫೋನ್ ಮಾಡಿ ಈಗ ನಡೆಯುತ್ತಿದೆಯಾ ಅಂತ ಕೇಳಿಕೊಳ್ಳಿ. ಒಂದು ಗಂಟೆ ಕೂತರೆ ಸೊಂಟ ಏನು ಹೇಳುತ್ತದೆ ಅಂತ ಗೊತ್ತಾಗುತ್ತದೆ, ಬೆನ್ನಿಗೆ ಎತ್ತರದ ಆಸರೆ ಇರುವ ಸೀಟ್ ಬೇಕಾ ಬೇಡವಾ ಅನ್ನೋದು ಅಲ್ಲೇ ತೀರ್ಮಾನ ಆಗುತ್ತದೆ. ಮನೆಯವರೂ ಜೊತೆ ಬರುತ್ತಾರಾ? ಹಾಗಿದ್ದರೆ ಅವರ ತೂಕ, ಕಾರಿನ ಡಿಕ್ಕಿಯ ಅಳತೆ ಎರಡನ್ನೂ ಕೆಳಗೆ ಬರೆಯಿರಿ, ಮೇಲಿನ ಲೆಕ್ಕ ಮತ್ತೆ ಹಾಕಿ ಹೇಳುತ್ತೇನೆ.